ಜೋಡಿ ಸೈಕಲ್ಲಿನ ಹಿಂದಿನ ಪೆಡಲು

ತನಗೆ ಕಣ್ಣಿಲ್ಲವೆಂದು ಯಾರಾದರೂ ಮರುಗಿದರೆ ಈ ತಮ್ಮ ಕೊಡುತ್ತಿದ್ದ ಉತ್ತರ ಒಂದೇ: "ಗುಂಡಿಗೆ ಬಿದ್ದು ಚಕ್ರ ಸೊಟ್ಟ ಮಾಡ್ಕೊಂಡು ನನ್ನ ಹತ್ರ ಬರೋರೆಲ್ಲ ಕಣ್ಣಿದ್ದೋರೇ ಕಣ್ರೀ." ಸೈಕಲ್ ಅಂಗಡಿಯ ಒಳಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಸೊಟ್ಟ ಚಕ್ರಗಳನ್ನು ನೆಟ್ಟಗೆ ಮಾಡುವುದು ಅವನ ಕಸುಬು. ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಾ ಹೋಗುತ್ತಿದ್ದ. ಬಿಗಿಯಾದದ್ದು ಒಂದು ಥರ ಸದ್ದು ಮಾಡುತ್ತದೆ, ಸಡಿಲವಾದದ್ದು ಇನ್ನೊಂದು ಥರ. ಕಣ್ಣಿದ್ದ ಮಾಲೀಕ ಅರ್ಧ ದಿನ ಒದ್ದಾಡಿದ ಚಕ್ರವನ್ನು ಇವನು ಒಂದು ಟೀ ಕುಡಿಯುವಷ್ಟರಲ್ಲಿ ಸರಿಮಾಡಿ ಬಿಸಾಕುತ್ತಿದ್ದ. "ಇವನ ಕೈಗೂ ಕಿವಿಗೂ ಸುಳ್ಳು ಹೇಳೋಕಾಗಲ್ಲಪ್ಪ" ಎಂದು ಬಂದವರೆಲ್ಲ ಹೊಗಳುತ್ತಿದ್ದರು. ಹೊಗಳಿಕೆ ಒಳ್ಳೆಯದೇ, ಆದರೆ ದಿನಾ ಕೇಳಿದರೆ ಎಂಥವನಿಗೂ ತಲೆಗೇರುತ್ತದೆ. ಅವನಿಗೂ ಏರಿತ್ತು.

ಸಂಜೆಯಾದರೆ ಅಕ್ಕ ಬರುತ್ತಿದ್ದಳು. ಅವಳು ಎರಡು ಬೀದಿ ಆಚೆ ಜ್ಯೂಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಗಿನಿಂದ ನಿಂತೇ ಹಣ್ಣು ಸುಲಿದು, ಹಿಂಡಿ, ಲೋಟ ತೊಳೆದು ಬರುವವಳು ಬಂದ ಕೂಡಲೇ ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು "ಏಳೋ ಮಹರಾಯ, ಗಾಡಿ ಹೊರಡ್ತದೆ" ಎನ್ನುತ್ತಿದ್ದಳು. ಗಾಡಿಯೆಂದರೆ ಅವರ ಜೋಡಿ ಸೈಕಲ್ಲು. ಎರಡು ಸೀಟು, ಎರಡು ಜೊತೆ ಪೆಡಲು. ಮುಂದೆ ಅಕ್ಕ, ಹಿಂದೆ ತಮ್ಮ. ಊರಾಚೆಯ ಮೈದಾನದಲ್ಲಿ, ಬಟ್ಟಲಿನ ಹಾಗೆ ಅಂಚು ಎತ್ತರಿಸಿದ ಸಿಮೆಂಟಿನ ಓಟದ ಹಾದಿಯ ಮೇಲೆ ಇಬ್ಬರೂ ಸುತ್ತು ಹೊಡೆಯುತ್ತಿದ್ದರು. ಕಾಣದವರು ಹಿಂದೆ, ಕಾಣುವವರು ಮುಂದೆ ಕೂತು ಓಡಿಸುವ ಪಂದ್ಯಗಳಿವೆ. ಅವುಗಳಲ್ಲಿ ಈ ಅಕ್ಕ-ತಮ್ಮ ಜೋಡಿಗೆ ಸಣ್ಣದಲ್ಲದ ಹೆಸರಿತ್ತು.

ಬೀದಿಯಲ್ಲಿ ಅವನು ಕೋಲು ಕುಟ್ಟುತ್ತಾ, ಹೆಜ್ಜೆಗೊಮ್ಮೆ ಅನುಮಾನಿಸುತ್ತಾ ನಡೆಯಬೇಕು. ಅಲ್ಲಿ ಹಾಗಲ್ಲ. ಮುಖಕ್ಕೆ ಗಾಳಿ ರಪ್ಪೆಂದು ಬಡಿಯುತ್ತಿತ್ತು, ಕಿವಿಯಲ್ಲಿ ಟೈರಿನ ಹಾಡು, ಎದುರಿಗೆ ಅಕ್ಕನ ಬೆನ್ನಿನ ಬೆವರಿನ ವಾಸನೆ. ಲೋಕದಲ್ಲಿ ಅವನು ಹೆದರದೆ ಓಡಬಹುದಾಗಿದ್ದ ಜಾಗ ಅದೊಂದೇ. ಅಕ್ಕ ಮುಂದಿನ ಸೀಟಿನಲ್ಲಿ ಇರುವವರೆಗೆ ಮಾತ್ರ ಆ ಜಾಗ ಅವನದು, ಇದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಯಾರ ಹಿಂದೆಯಾದರೂ ಕೂತರೆ ಅವನ ಮೈ ಮರದ ಕೊರಡಾಗುತ್ತಿತ್ತು.

ಜೋಡಿ ಸೈಕಲ್ಲಿನಲ್ಲಿ ಮುಂದಿನ ಪೆಡಲಿಗೂ ಹಿಂದಿನ ಪೆಡಲಿಗೂ ನಡುವೆ ಒಂದು ಚೈನು ಇರುತ್ತದೆ. ಒಬ್ಬರು ತುಳಿದರೆ ಇಬ್ಬರ ಕಾಲೂ ತಿರುಗಲೇಬೇಕು. ಅಕ್ಕ ಎಷ್ಟು ತುಳಿಯುತ್ತಿದ್ದಾಳೆ ಎಂಬುದು ತಮ್ಮನ ಪಾದದ ಅಡಿಗೆ ತಿಳಿಯುತ್ತಿತ್ತು, ತಮ್ಮ ಎಷ್ಟು ತುಳಿಯುತ್ತಿದ್ದಾನೆ ಎಂಬುದು ಅವಳ ಪಾದಕ್ಕೆ. ಮೊದಮೊದಲು ಅವಳು "ತಿರುವು", "ಎತ್ತರ", "ಈಗ ಕೊಡು" ಎಂದು ಕೂಗುತ್ತಿದ್ದಳು. ಆಮೇಲೆ ಕೂಗುವುದೇ ನಿಂತುಹೋಯಿತು. ಪೆಡಲೇ ಎಲ್ಲ ಹೇಳುತ್ತಿತ್ತು. ತರಬೇತಿ ಕೊಡುತ್ತಿದ್ದ ಮುದುಕ, ಬಾಯಲ್ಲಿ ಸದಾ ಸೀಟಿ ಕಚ್ಚಿಕೊಂಡಿರುತ್ತಿದ್ದರಿಂದ ಸೀಟಿ ಮೇಷ್ಟ್ರು ಎಂದೇ ಹೆಸರಾಗಿದ್ದವರು, "ನೀವಿಬ್ರೂ ಮನೇಲೂ ಹೀಗೇ ಮಾತಾಡದೆ ಇರ್ತೀರಾ?" ಎಂದು ನಗುತ್ತಿದ್ದರು. ಮನೆಯಲ್ಲಿ ಇಬ್ಬರೂ ಸೂರು ಹಾರಿಹೋಗುವಂತೆ ಜಗಳವಾಡುತ್ತಿದ್ದರು, ಅದು ಬೇರೆ ಮಾತು.

ಆ ವರ್ಷ ದೊಡ್ಡ ಪಂದ್ಯಕ್ಕೆ ಆಯ್ಕೆ ಇತ್ತು. ಆಯ್ಕೆಯ ಓಟಕ್ಕೆ ಇನ್ನೇನು ಕೆಲವು ತಿಂಗಳಿವೆ ಎನ್ನುವಾಗ ಅಕ್ಕನ ಕಾಲು ಬದಲಾಯಿತು.

ವಿಚಿತ್ರವೆಂದರೆ ಓಟದ ಶುರುವಿನಲ್ಲಿ ಏನೂ ಬದಲಾಗಿರಲಿಲ್ಲ. ಸೀಟಿ ಊದಿದ ಕೂಡಲೇ ಅವಳು ಮೊದಲಿನ ಹಾಗೇ ಎಗರುತ್ತಿದ್ದಳು, ಸೈಕಲ್ಲು ಮುಂದಕ್ಕೆ ಹಾರುತ್ತಿತ್ತು. ಒಂದೆರಡು ಸುತ್ತು ಎಲ್ಲ ಸರಿ. ಆಮೇಲೆ ಮಾತ್ರ ಮುಂದಿನ ಪೆಡಲು ಸಡಿಲವಾಗುತ್ತಿತ್ತು. ತಮ್ಮನ ಪಾದಕ್ಕೆ ಅದು ತಕ್ಷಣ ಗೊತ್ತಾಗುತ್ತಿತ್ತು: ಈಗ ನಾನೊಬ್ಬನೇ ಎಳೆಯುತ್ತಿದ್ದೇನೆ. ಮುಂದಿನಿಂದ ಅಕ್ಕನ ಏದುಸಿರು ಮಾತ್ರ ಕೇಳಿಸುತ್ತಿತ್ತು.

"ಕಾಲು ಕಲ್ಲಾಗುತ್ತೆ ಕಣೋ. ನಾನು ತುಳೀತೀನಿ, ಅದು ತುಳಿಯಲ್ಲ" ಎಂದಳು ಒಂದು ದಿನ, ಹುಲ್ಲಿನ ಮೇಲೆ ಮಲಗಿಕೊಂಡು.

"ಶುರುವಲ್ಲಿ ಆನೆ ಥರ ಎಳೀತೀಯಲ್ಲ, ಆ ಬಲ ಆಮೇಲೆ ಎಲ್ಲಿಗೆ ಹೋಗುತ್ತೆ?"

"ಅದೇ ನಂಗೂ ಗೊತ್ತಾಗ್ತಿಲ್ಲ."

ಸೀಟಿ ಮೇಷ್ಟ್ರು ಅವಳನ್ನು ಮೈದಾನದ ಡಾಕ್ಟರ ಹತ್ತಿರ ಕಳಿಸಿದರು. ಅಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡಿದರು. ರಕ್ತ ಸರಿಯಾಗಿದೆ, ಏನೂ ತೊಂದರೆಯಿಲ್ಲ, ಚೆನ್ನಾಗಿ ನಿದ್ದೆ ಮಾಡಲಿ ಎಂದರು. ಮೇಷ್ಟ್ರು ನೆಮ್ಮದಿಯ ಉಸಿರುಬಿಟ್ಟರು. ತಮ್ಮನಿಗೆ ನೆಮ್ಮದಿಯಾಗಲಿಲ್ಲ. ರಕ್ತ ಸರಿ, ಶುರುವಿನ ಬಲ ಸರಿ, ಹಾಗಾದರೆ ಸರಿಯಿಲ್ಲದ್ದು ಯಾವುದು? ಮನಸ್ಸು ಎಂದು ಅವನೇ ತೀರ್ಮಾನ ಮಾಡಿಕೊಂಡ.

ಹಾಗೆ ತೀರ್ಮಾನಿಸಲು ಅವನಿಗೆ ಕಾರಣವೂ ಸಿಕ್ಕಿತ್ತು. ಜ್ಯೂಸ್ ಅಂಗಡಿಗೆ ಬ್ರೆಡ್ ತಂದುಹಾಕುವ ವ್ಯಾನ್ ಡ್ರೈವರ್ ಅಕ್ಕನನ್ನು ಮದುವೆಯಾಗುತ್ತೇನೆಂದು ಅಮ್ಮನ ಹತ್ತಿರ ಬಂದು ಕೇಳಿದ್ದ. ಅಮ್ಮ ಹೂಂ ಅಂದಿದ್ದಳು. ಅಕ್ಕ "ಪಂದ್ಯ ಮುಗೀಲಿ" ಅಂದಿದ್ದಳು. ಆ ಮಾತು ತಮ್ಮನ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು. ಆಯ್ಕೆಯಾದರೆ ಇನ್ನೂ ಒಂದು ವರ್ಷ ಸೈಕಲ್ಲು. ಆಯ್ಕೆಯಾಗದಿದ್ದರೆ ನಾಳೆಯೇ ಮದುವೆ. ಯಾರಿಗೆ ಯಾವುದು ಬೇಕು ಎಂದು ಅವನು ಲೆಕ್ಕ ಹಾಕಿದ, ಅಕ್ಕನಿಗೆ ಸೋಲೇ ಬೇಕು ಎಂದು ಉತ್ತರ ಬಂತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆ ಕಾಯಿಲೆ ಬರಲು ಕಣ್ಣೇ ಬೇಕೆಂದಿಲ್ಲ.

ಮನೆಯಲ್ಲಿ ಅವಳು ಐಸ್ ಅಗಿಯುವುದು ಬೇರೆ ಶುರುವಾಗಿತ್ತು. ಅಂಗಡಿಯಿಂದ ಡಬ್ಬಿಯಲ್ಲಿ ಐಸ್ ಚೂರು ತಂದು, ಗೋಡೆಗೆ ಒರಗಿ ಕೂತು, ಕಟುಂ ಕಟುಂ ಎಂದು ಅಗಿಯುತ್ತಿದ್ದಳು. ಮುಗಿದರೆ ಫ್ರಿಜ್ಜಿನ ಒಳಗೋಡೆಯ ಹೆಪ್ಪನ್ನು ಚಮಚದಲ್ಲಿ ಕೆರೆದು ತಿನ್ನುತ್ತಿದ್ದಳು.

"ಮನೇಲಿ ಇಲಿ ಬೇಕಾಗಿಲ್ಲ, ಇವಳೊಬ್ಬಳೇ ಸಾಕು" ಎನ್ನುತ್ತಿದ್ದಳು ಅಮ್ಮ.

"ಜ್ಯೂಸಿಗೆ ಹಾಕೋದಕ್ಕಿಂತ ನಿನ್ನ ಹೊಟ್ಟೆಗೆ ಹೋಗೋದೇ ಜಾಸ್ತಿ ಅಂತಾರೆ ನಮ್ಮ ಓನರ್ರೂ. ಏನ್ಮಾಡ್ಲಿ, ತಡೆಯೋಕಾಗಲ್ಲ" ಎಂದು ಅಕ್ಕ ನಗುತ್ತಿದ್ದಳು.

ಆ ಸದ್ದು ತಮ್ಮನ ಹಲ್ಲು ಜುಮ್ಮೆನ್ನಿಸುತ್ತಿತ್ತು. ಅಗಿಯೋಕೆ ಬಲ ಇದೆ, ತುಳಿಯೋಕೆ ಇಲ್ಲ ಎಂದುಕೊಳ್ಳುತ್ತಿದ್ದ.

ಆಯ್ಕೆಯ ಹಿಂದಿನ ದಿನ ಅಭ್ಯಾಸ ಕೆಟ್ಟು ಕೆರ ಹಿಡಿಯಿತು. ಸೈಕಲ್ಲು ಒಳಗಿಡುವ ಕೋಣೆಯಲ್ಲಿ, ಎಣ್ಣೆಯ ವಾಸನೆಯ ನಡುವೆ ಅವನ ಬಾಯಿ ಸಡಿಲವಾಯಿತು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

"ನಿನ್ನಾಣೆಗೂ ನಾನು ಸುಳ್ಳು ಹೇಳ್ತಿಲ್ಲ ಕಣೋ. ಕಾಲು ನನ್ನ ಮಾತು ಕೇಳ್ತಿಲ್ಲ."

"ನಿನ್ನ ಮಾತು ಕೇಳ್ದೇ ಇನ್ಯಾರ ಮಾತು ಕೇಳುತ್ತೆ? ಬ್ರೆಡ್ ವ್ಯಾನಿನವನದ್ದಾ?"

ಅವಳು ಸೈಕಲ್ಲನ್ನು ಗೋಡೆಗೆ ಒರಗಿಸಿದ ಸದ್ದು, ಅವನ ಕೋಲನ್ನು ತಂದು ಅವನ ಕೈಗಿಟ್ಟ ಸ್ಪರ್ಶ, ಇಷ್ಟೇ. ಮನೆಯವರೆಗೂ ಎಂದಿನಂತೆ ಅವನ ಮೊಣಕೈ ಹಿಡಿದೇ ನಡೆದಳು. ಅವಳು ಜಗಳವಾಡಿದ್ದರೆ ಅವನು ಬಹುಶಃ ನಂಬುತ್ತಿದ್ದ. ಸುಮ್ಮನಿದ್ದದ್ದೇ ಅವನಿಗೆ ಒಪ್ಪಿಕೊಂಡ ಹಾಗೆ ಕೇಳಿಸಿತು.

ಮಾರನೆಯ ಬೆಳಿಗ್ಗೆ ಅವನು ಒಂದು ಉಪಾಯ ಹೂಡಿದ. ಒಂದೇ ಚೈನಿಗೆ ಕಾಲು ಕಟ್ಟಿಕೊಂಡವರಿಗೆ ಮಾತ್ರ ಹೊಳೆಯಬಹುದಾದ ಉಪಾಯ ಅದು. ಅವಳು ಕಾಲು ಸಡಿಲ ಬಿಟ್ಟರೆ ನಾನೂ ಬಿಡುತ್ತೇನೆ. ನಾನು ಎಳೆಯುತ್ತೇನೆಂಬ ಧೈರ್ಯಕ್ಕೇ ಅಲ್ಲವೇ ಅವಳ ಆಟ? ಹಿಂದಿನಿಂದ ಬಲ ಬರದೆಹೋದರೆ ಬಚ್ಚಿಟ್ಟದ್ದನ್ನೆಲ್ಲ ಹೊರಗೆ ತೆಗೆಯಲೇಬೇಕು. ತೆಗೆದರೆ ಗೆಲ್ಲುತ್ತೇವೆ, ಅವಳ ಕಳ್ಳತನವೂ ಬಯಲಾಗುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಇವನು ಪ್ರಮಾಣಿಸಲು ಹೊರಟದ್ದು ಹೀಗೆ.

ಸೀಟಿ ಊದಿತು. ಅಕ್ಕ ಎಗರಿದಳು. ಎಂಥ ಎಗರು! ಮೊದಲ ಸುತ್ತಿನಲ್ಲಿ ಕಟ್ಟೆಯ ಮೇಲೆ ಕೂತ ಜನ ಕೂಗಿದ್ದು ಗಾಳಿಯಲ್ಲಿ ಹರಿದು ಹಿಂದೆ ಹೋಯಿತು. ಎರಡನೆಯದೂ ಹಾಗೇ. ಆಮೇಲೆ ಅವನು ಕಾದಿದ್ದದ್ದು ಬಂತು. ಮುಂದಿನ ಪೆಡಲಿನಿಂದ ಬಲ ಸೋರತೊಡಗಿತು. ಇನ್ನರ್ಧ ಓಟ ಬಾಕಿಯಿತ್ತು. ಅವನು ಹಲ್ಲು ಕಚ್ಚಿ, ತನ್ನ ಕಾಲುಗಳನ್ನು ಸತ್ತ ಕಾಲಿನ ಹಾಗೆ ಬಿಟ್ಟುಬಿಟ್ಟ. ಪೆಡಲು ತಿರುಗುತ್ತಿತ್ತು, ಅವನ ಕಾಲು ಅದರ ಜೊತೆ ಸುಮ್ಮನೆ ತಿರುಗುತ್ತಿತ್ತು. ಅವನ ಮೈಭಾರವೆಲ್ಲ ಈಗ ಅಕ್ಕನ ಪಾಲಿಗೆ.

ಒಂದು ಕ್ಷಣ ಸೈಕಲ್ಲು ಅನುಮಾನಿಸಿತು. ಆಮೇಲೆ ಮುಂದಿನಿಂದ ಒಂದು ಹೂಂಕಾರ ಕೇಳಿಸಿತು, ಚೈನು ಮತ್ತೆ ಬಿಗಿಯಾಯಿತು. ಅಕ್ಕ ಎಳೆಯುತ್ತಿದ್ದಳು. ಒಬ್ಬಳೇ ಎಳೆಯುತ್ತಿದ್ದಳು. ಇತ್ತಲ್ಲ, ಇಟ್ಟುಕೊಂಡಿದ್ದೆಯಲ್ಲ ಎಂದು ಅವನ ಒಳಗೆ ಏನೋ ಕೇಕೆ ಹಾಕಿತು. ಕಾಲು ಹಾಗೇ ಬಿಟ್ಟುಕೊಂಡೇ ಇದ್ದ. ಒಂದು ತಿರುವು ದಾಟಿತು, ಇನ್ನೊಂದು ನೇರ ದಾರಿ ದಾಟಿತು. ಅವಳ ಉಸಿರು ಈಗ ಉಸಿರಿನ ಹಾಗಿರಲಿಲ್ಲ, ಗರಗಸದ ಹಾಗಿತ್ತು. ಎತ್ತರದ ತಿರುವಿಗೆ ಬರುವಷ್ಟರಲ್ಲಿ ಚೈನು ಪೂರ್ತಿ ಸಡಿಲವಾಯಿತು. ಅವನು ಗಾಬರಿಯಿಂದ ತುಳಿಯಲು ನೋಡಿದ. ತಡವಾಗಿತ್ತು. ಅಂಥ ಇಳಿಜಾರಿನಲ್ಲಿ ವೇಗವಿದ್ದರೆ ಮಾತ್ರ ಟೈರು ಕಚ್ಚಿಕೊಳ್ಳುತ್ತದೆ, ಇಲ್ಲದಿದ್ದರೆ ಜಾರುತ್ತದೆ. ಜಾರಿತು. ಅಕ್ಕ ಕೆಳಗೆ, ಅವಳ ಮೇಲೆ ಸೈಕಲ್ಲು, ಸೈಕಲ್ಲಿನ ಮೇಲೆ ಅವನು. ಸಿಮೆಂಟಿನ ಮೇಲೆ ಅವಳ ಸೊಂಟದ ಹತ್ತಿರ ಏನೋ ಮುರಿದ ಸದ್ದನ್ನು ಆ ಮೈದಾನದಲ್ಲಿ ಕೇಳಿಸಿಕೊಂಡವನು ಅವನೊಬ್ಬನೇ.

"ಟೈರು ಕೈಕೊಡ್ತು" ಎಂದರು ಸೀಟಿ ಮೇಷ್ಟ್ರು, ಅಳುತ್ತಾ. "ಹಣೆಬರಹ" ಎಂದಳು ಅಮ್ಮ.

ತೊಡೆಯ ಮೂಳೆ ಸೊಂಟಕ್ಕೆ ಕೂಡುವ ಕಡೆ ಮುರಿದಿತ್ತು. ಕೊಯ್ದು ಮೊಳೆ ಹಾಕಿದರು. ನಡೆಯುತ್ತಾಳೆ, ಕೋಲು ಬೇಕಾಗಬಹುದು, ಸೈಕಲ್ ಮಾತ್ರ ಮರೆತುಬಿಡಿ ಎಂದರು. ಈಗ ಮನೆಯಲ್ಲಿ ಎರಡು ಕೋಲು ಎಂದು ಅಕ್ಕನೇ ಮೊದಲು ತಮಾಷೆ ಮಾಡಿದಳು. ಯಾರೂ ನಗಲಿಲ್ಲ.

ವಾರ್ಡಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಚಪ್ಪಲಿ ಎಳೆದುಕೊಂಡು ನಡೆಯುವವಳು. ಯಾಕೋ ಅವಳಿಗೆ ಅನುಮಾನ ಬಂದು ರಕ್ತವನ್ನು ಇನ್ನೊಂದು ಬಗೆಯ ಪರೀಕ್ಷೆಗೆ ಕಳಿಸಿದ್ದಳು. ಒಂದು ಮಧ್ಯಾಹ್ನ ಹಾಸಿಗೆಯ ಪಕ್ಕ ನಿಂತು ಕೇಳಿದಳು: "ನೀವು ಐಸ್ ತಿಂತಿದ್ರಾ?"

ಅಮ್ಮ ಬೆರಗಾದಳು. "ಅಯ್ಯೋ, ನಿಮಗ್ಯಾರಮ್ಮ ಹೇಳಿದ್ದು? ದಿನಾ ಕಟುಂ ಕಟುಂ."

"ಮೈಯಲ್ಲಿ ಕಬ್ಬಿಣ ಇಲ್ದೇ ಇದ್ರೆ ಕೆಲವರಿಗೆ ಹಾಗೆ ಆಸೆ ಆಗುತ್ತೆ. ಇವರಲ್ಲಿ ಕಬ್ಬಿಣದ ಉಗ್ರಾಣ ಪೂರ್ತಿ ಖಾಲಿ. ತಿಂಗಳ ಸ್ರಾವ ಜಾಸ್ತಿ ಇತ್ತಾ?"

ಅಕ್ಕ ಹೂಂ ಎಂದಳು, ತಮ್ಮ ಅಲ್ಲಿದ್ದನೆಂದು ಮೆಲ್ಲಗೆ. ಅಮ್ಮನ ದನಿ ಕುಗ್ಗಿತು. "ಹೇಳಿದ್ಲು. ಹೆಂಗಸಾಗಿ ಹುಟ್ಟಿದ ಮೇಲೆ ಇದ್ದದ್ದೇ ಅಂದೆ ನಾನು."

"ಆದ್ರೆ ಮೈದಾನದಲ್ಲಿ ರಕ್ತ ಸರಿಯಾಗಿದೆ ಅಂದಿದ್ರಲ್ಲ?" ಎಂದು ತಮ್ಮ ಕೇಳಿದ.

"ಅವರೇನು ಸುಳ್ಳು ಹೇಳ್ಲಿಲ್ಲ. ಮನೇಲಿ ಕಷ್ಟ ಬಂದ್ರೆ ಬೀದಿಗೆ ಕಾಣೋ ಬಾಗಿಲಿಗೆ ಮೊದಲು ಬಣ್ಣ ಹೊಡೀತೀವಲ್ಲ, ದೇಹಾನೂ ಹಾಗೇ. ಇದ್ದಬದ್ದ ಕಬ್ಬಿಣ ಎಲ್ಲ ರಕ್ತಕ್ಕೆ ಕೊಡುತ್ತೆ. ಉಗ್ರಾಣ ಬರಿದಾಗುತ್ತೆ, ಮಾಂಸಖಂಡದ ಪಾಲೂ ಕಡಿಮೆ ಆಗುತ್ತೆ. ಬೆರಳು ಚುಚ್ಚಿದ್ರೆ ಅದೆಲ್ಲ ಕಾಣಲ್ಲ."

"ಶುರುವಲ್ಲಿ ಬಲ ಇರ್ತಿತ್ತು. ಮೊದಲಿನ ಹಾಗೇ ಇರ್ತಿತ್ತು. ಆಮೇಲೆ..."

"ಇರುತ್ತೆ. ಶುರುವಿನ ಜೋರಿಗೆ ಉಸಿರಿನ ಗಾಳಿ ಅಷ್ಟು ಬೇಡ. ಕಾಲು ತನ್ನಲ್ಲಿರೋ ಸಕ್ಕರೇನ ಹಾಗೇ ಕರಗಿಸ್ಕೊಂಡು ಎಗರಿಬಿಡುತ್ತೆ. ಅದು ಸ್ವಲ್ಪ ಹೊತ್ತಿಗೆ ಮಾತ್ರ. ಆಮೇಲೂ ಓಡ್ಬೇಕು ಅಂದ್ರೆ ಆಮ್ಲಜನಕ ಬೇಕು, ಅದನ್ನ ಮಾಂಸಖಂಡ ಹಿಡ್ಕೊಳ್ಳೋಕೂ ಕಬ್ಬಿಣ ಬೇಕು, ಒಳಗೆ ಉರಿಸೋಕೂ ಕಬ್ಬಿಣ ಬೇಕು. ಇಲ್ದಿದ್ರೆ ಕಾಲು ಹುಳಿ ಕಟ್ಕೊಂಡು ಕಲ್ಲಾಗಿಬಿಡುತ್ತೆ. ಎಷ್ಟು ಮನಸ್ಸು ಮಾಡಿದ್ರೂ ಆಗಲ್ಲ."

ಎಷ್ಟು ಮನಸ್ಸು ಮಾಡಿದರೂ ಆಗಲ್ಲ. ತಮ್ಮ ಕಬ್ಬಿಣದ ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಊರಿಗೆಲ್ಲ ಹೆಸರಾದ ಕಿವಿ ಅವನದು. ಆ ಕಿವಿಗೆ ದಿನಾ ಸಂಜೆ ಕಾಯಿಲೆ ತನ್ನ ಹೆಸರು ತಾನೇ ಹೇಳುತ್ತಿತ್ತು, ಕಟುಂ ಕಟುಂ ಎಂದು. ಊಟದ ಹೊತ್ತಿಗೆ ಅಮ್ಮ ಮೊದಲು ಅವನ ತಟ್ಟೆಗೆ ಬಡಿಸುತ್ತಿದ್ದಳು, ಆಮೇಲೆ ಅಕ್ಕ ಪಾತ್ರೆಯ ತಳ ಕೆರೆದುಕೊಳ್ಳುವ ಸದ್ದು. ಅದೂ ಕೇಳಿಸುತ್ತಿತ್ತು. ಅವನು ಇನ್ನೊಂದು ತುತ್ತು ಕಲಸಿಕೊಳ್ಳುತ್ತಿದ್ದ.

ಅಕ್ಕ ಮಾತ್ರ ಹಗುರಾದಳು. ಅವಳ ದನಿಯಲ್ಲಿ ಎಷ್ಟೋ ತಿಂಗಳಿಂದ ಇಲ್ಲದ ಬಿಡುವು ಇತ್ತು. "ನೋಡ್ದೇನೋ? ನಾನು ಕಳ್ಳಿ ಅಲ್ಲ. ಕೊನೆಕೊನೆಗೆ ನಂಗೇ ಅನುಮಾನ ಬಂದ್ಬಿಟ್ಟಿತ್ತು, ನಾನೇ ಬೇಕಂತ ಬಿಡ್ತಿದೀನೇನೋ ಅಂತ."

"ಅಕ್ಕ..." ಎಂದ ಅವನು. ಅಷ್ಟರಲ್ಲಿ ಅವಳು ಡಾಕ್ಟರಮ್ಮನನ್ನು ಕರೆದಳು.

"ಡಾಕ್ಟ್ರೇ, ಒಂದು ಉಪಕಾರ ಮಾಡ್ತೀರಾ? ಇವನ ರಕ್ತಾನೂ ಅದೇ ಥರ ನೋಡ್ಸಿ. ಒಂದೇ ಹೊಟ್ಟೇಲಿ ಹುಟ್ಟಿದೋರು ನಾವು. ಆ ದಿನ ಕೊನೇಲಿ ಇವನ ಕಾಲೂ ಸತ್ತುಹೋಗಿತ್ತು, ನಂಗೆ ಪೆಡಲಲ್ಲೇ ಗೊತ್ತಾಯ್ತು. ಪಾಪ, ಬಾಯಿಬಿಟ್ಟು ಹೇಳೋ ಜಾತಿ ಅಲ್ಲ ಇದು." ಅವಳ ಕೈ ತಡಕಾಡಿ ಅವನ ಕೈಯನ್ನು ಹಿಡಿದುಕೊಂಡಿತು. "ಅದಕ್ಕೇ ಕಣೋ ಅಷ್ಟು ಎಳೆದಿದ್ದು. ನಿನಗೂ ಇದೇ ಕಷ್ಟ ಬಂತು ಅಂದ್ಕೊಂಡೆ. ಒಂದು ಸುತ್ತು ನಾನು ನೋಡ್ಕೊಂಡ್ರೆ ನೀನು ಸುಧಾರಿಸ್ಕೋತೀಯ ಅಂತ. ಆಗ್ಲಿಲ್ಲ, ಏನ್ಮಾಡ್ಲಿ."

ಹೇಳಬಹುದಾಗಿತ್ತು. ಬಾಯಿ ಇತ್ತು, ನಾಲಿಗೆ ಇತ್ತು, ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವಳ ಕಾಲು ಸಡಿಲವಾದಾಗ ಅವನು ಮೋಸ ಎಂದುಕೊಂಡಿದ್ದ. ಅವನ ಕಾಲು ಸಡಿಲವಾದಾಗ ಅವಳು ಕಷ್ಟ ಎಂದುಕೊಂಡಿದ್ದಳು. ಇಷ್ಟನ್ನು ಹೇಳಿ ಅವಳ ಪಾದದ ಮೇಲೆ ತಲೆಯಿಟ್ಟು ಅತ್ತಿದ್ದರೂ ಆಗುತ್ತಿತ್ತು. ಅವನು ತೋಳು ಚಾಚಿ ರಕ್ತ ಕೊಟ್ಟ.

ಆ ದಿನವಿಡೀ ಅವನು ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ. ತಳ್ಳುಗಾಡಿಗಳು ಕಿರುಗುಟ್ಟಿಕೊಂಡು ಹೋದವು. ಒಂದರ ಚಕ್ರ ಸೊಟ್ಟಗಿತ್ತು, ಅವನು ಏಳಲಿಲ್ಲ. ತನ್ನ ರಕ್ತ ಕೆಟ್ಟಿರಲಿ, ತನ್ನ ಉಗ್ರಾಣವೂ ಖಾಲಿಯಿರಲಿ ಎಂದು ಒಂದೇ ಸಮನೆ ಬೇಡಿಕೊಂಡ. ಆಸ್ಪತ್ರೆಯಲ್ಲಿ ಕೂತು ಅಂಥದ್ದನ್ನು ಬೇಡಿಕೊಂಡವನು ಅವನೊಬ್ಬನೇ ಇರಬೇಕು. ಕಾಯಿಲೆ ಇದ್ದುಬಿಟ್ಟರೆ ಅಕ್ಕನ ಮಾತು ನಿಜವಾಗುತ್ತದೆ. ತಾನು ಬಿಟ್ಟದ್ದಲ್ಲ, ತಾನಾಗಿ ಬಿಟ್ಟುಹೋದದ್ದು ಎಂದು ಕ್ರಮೇಣ ತಾನೂ ನಂಬಬಹುದು.

ಮಾರನೆಯ ದಿನ ಅಕ್ಕನಿಗೆ ಕಬ್ಬಿಣದ ಡ್ರಿಪ್ ಹಾಕಿದ್ದರು. ಕಪ್ಪು ಟೀ ಬಣ್ಣ ಇದೆ ಎಂದಳು ಅಮ್ಮ. "ಇನ್ನು ಐಸ್ ಬೇಡ ಅನ್ಸುತ್ತೇನೋ, ನೋಡೋಣ" ಎಂದು ಅಕ್ಕ ನಕ್ಕಳು. ಸೂಜಿಯಿಲ್ಲದ ಕೈಯಲ್ಲಿ ಅವನ ಕೈ ಹಿಡಿದುಕೊಂಡೇ ಇದ್ದಳು, ಚಿಕ್ಕಂದಿನಲ್ಲಿ ರಸ್ತೆ ದಾಟಿಸುವಾಗ ಹಿಡಿದ ಹಾಗೆ, ಬೆರಳಿಗೆ ಬೆರಳು ಸೇರಿಸಿ, ಬಿಗಿಯಾಗಿ.

ಚಪ್ಪಲಿ ಎಳೆಯುವ ಸದ್ದು ಬಾಗಿಲಿನಿಂದ ಹಾಸಿಗೆಯವರೆಗೆ ಬಂತು.

"ಒಳ್ಳೆ ಸುದ್ದಿ ತಂದಿದೀನಿ" ಎಂದಳು ಡಾಕ್ಟರಮ್ಮ ಉತ್ಸಾಹದಿಂದ. "ನಿಮ್ಮ ತಮ್ಮನಿಗೆ ಏನೂ ಆಗಿಲ್ಲ. ಉಗ್ರಾಣ ತುಂಬಿ ತುಳುಕ್ತಿದೆ. ಇಷ್ಟು ಕಬ್ಬಿಣ ಇಟ್ಕೊಂಡು ಆ ದಿನ ಕಾಲು ಸೋಲೋ ಮಾತೇ ಇಲ್ಲ ಬಿಡಿ."

"ಸದ್ಯ!" ಎಂದಳು ಅಮ್ಮ.

ಡಾಕ್ಟರಮ್ಮ ಮುಂದಿನ ಹಾಸಿಗೆಗೆ ಹೋದಳು. ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದಳು. ತಮ್ಮ ಕಾದ. ಅಕ್ಕ ಏನಾದರೂ ಕೇಳಲಿ, ಬೈಯಲಿ, ಕೈ ಕೊಡವಲಿ ಎಂದು ಕಾದ. ಅವಳು ಕೇಳಲಿಲ್ಲ, ಬೈಯಲಿಲ್ಲ, ಕೈಯನ್ನೂ ಎಳೆದುಕೊಳ್ಳಲಿಲ್ಲ. ಅವನ ಅಂಗೈಯಲ್ಲಿದ್ದ ಅವಳ ಬೆರಳುಗಳು ಒಂದೊಂದಾಗಿ ಸಡಿಲವಾದವು, ಅಷ್ಟೇ. ಅದರ ಅರ್ಥವೇನೆಂದು ಈ ಸಲ ಅವನಿಗೆ ತಪ್ಪಿಲ್ಲದೆ ತಿಳಿಯಿತು.